ಕಾಲು ಲೀಟರ್ ನೀರಿನ ರೈಲು

ಅಕ್ಕಲಕೋಟ ರಸ್ತೆ ಎಂಐಡಿಸಿ: ಟವೆಲ್ ಹಾಗೂ ಚಾದರಗಳಿಗೆ ಹೆಸರಾದ ಈ ಔದ್ಯೋಗಿಕ ವಸಾಹತಿನಲ್ಲಿ ಮಗ್ಗಗಳ ಸದ್ದಿನ ಜೊತೆಗೆ ಇನ್ನೊಂದು ಸದ್ದೂ ಸೇರಿಕೊಂಡಿರುತ್ತದೆ. ಅದು ಲೇತ್ ಯಂತ್ರದ್ದು. ಪವರ್‌ಲೂಮಿನ ಸವೆದ ಬುಷ್, ಹಲ್ಲು ಮುರಿದ ಗೇರು, ಬಾಗಿದ ಶಾಫ್ಟು ಇವುಗಳನ್ನು ಸರಿಪಡಿಸಿ ಕೊಡುವ ಚಿಕ್ಕ ವರ್ಕ್‌ಶಾಪುಗಳು ಇಲ್ಲದೆ ಹೋದರೆ ಮಗ್ಗಗಳು ವಾರದೊಳಗೆ ನಿಂತುಹೋದಾವು. ಇಂಥ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಗನ್‌ಮೆಟಲ್ಲಿನ ತುಂಡು, ಹಿತ್ತಾಳೆಯ ಸರಳಿನ ತುದಿ, ಅಂಗುಲದುದ್ದದ ಉಕ್ಕು ಮುಂತಾದ, ಗಿರಾಕಿಗೆ ಬೇಡವಾದ ಆದರೆ ಕಾರಿಗರನಿಗೆ ಬಿಸಾಡಲು ಮನಸ್ಸು ಬಾರದ ಚೂರುಗಳು ಅದರಲ್ಲಿ ಸೇರುತ್ತವೆ.

ಆ ಡಬ್ಬಿಯಲ್ಲಿ ಒಂದು ರೈಲು ಎಂಜಿನ್ ಅಡಗಿದೆ ಎಂದರೆ ಉತ್ಪ್ರೇಕ್ಷೆ ಅನಿಸಬಹುದು. ಆದರೆ ಬ್ಯಾಟರಿಯ ಆಟಿಕೆಯಲ್ಲ, ವಿದ್ಯುತ್ತಿನ ಮಾದರಿಯೂ ಅಲ್ಲ, ನಿಜವಾದ ನೀರು, ನಿಜವಾದ ಬೆಂಕಿ, ನಿಜವಾದ ಉಗಿಯಿಂದ ಓಡುವ ಮೊಣಕೈ ಉದ್ದದ ಎಂಜಿನ್ನನ್ನು ಮನೆಯಲ್ಲಿ ಕಟ್ಟುವ ಹವ್ಯಾಸ ಜಗತ್ತಿನಲ್ಲಿ ನೂರು ವರ್ಷಗಳಿಗೂ ಹಳೆಯದು. ಅದಕ್ಕೆ ಬೇಕಾದ ಲೇತು, ಡ್ರಿಲ್ಲು, ಟ್ಯಾಪು, ಡೈ, ಅದಕ್ಕೂ ಮಿಗಿಲಾಗಿ ಕೈಹದ, ಎಲ್ಲವೂ ಈ ರಸ್ತೆಯ ಎರಡೂ ಬದಿಗೆ ಇವೆ. ಇಲ್ಲದಿರುವುದು ಒಂದೇ: ಆ ಪುಟ್ಟ ಬಾಯ್ಲರನ್ನು ಪರೀಕ್ಷಿಸಿ, ಇದಕ್ಕೆ ಬೆಂಕಿ ಹಚ್ಚಬಹುದು ಅಥವಾ ಹಚ್ಚಬಾರದು ಎಂದು ಹೇಳುವ ಕಣ್ಣು. ಆ ಮಾತಿಗೆ ಮುಂದೆ ಬರಲಾಗುವುದು.

ಉಗಿ ಸೊಲ್ಲಾಪುರಕ್ಕೆ ಹೊಸದಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿಯೇ ಇಲ್ಲಿಗೆ ತಲುಪಿತು. 1871ರಲ್ಲಿ ಅದು ರಾಯಚೂರಿನವರೆಗೆ ಸಾಗಿ ಮದ್ರಾಸಿನ ಕಡೆಯ ಹಳಿಯನ್ನು ಕೂಡಿಕೊಂಡಿತು. ಜುನಿ ಮಿಲ್ ಎಂದೇ ಜನ ಕರೆಯುವ ಗಿರಣಿ 1877ರಲ್ಲಿ ಹುಟ್ಟಿದ್ದು ಉಗಿಯ ಕಾಲದಲ್ಲಿಯೇ. ಇಂದಿಗೂ ಬಣ್ಣ ಹಾಕುವ ಘಟಕಗಳಲ್ಲಿ ಬಾಯ್ಲರ್ ಉರಿಯುತ್ತದೆ. ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತಿದ್ದ ತಗಡಿನ ದೋಣಿಯನ್ನು ಹಿರಿಯರು ಮರೆತಿರಲಾರರು. ಒಳಗೆ ಪುಟ್ಟ ದೀಪ ಹಚ್ಚಿ ನೀರಿನ ಪರಾತದಲ್ಲಿ ಬಿಟ್ಟರೆ ಫಟ್ ಫಟ್ ಎನ್ನುತ್ತ ಸುತ್ತುವ ಆ ದೋಣಿಯೂ ಒಂದು ಉಗಿ ಯಂತ್ರವೇ. ಅದರಲ್ಲಿ ಪಿಸ್ಟನ್ ಇಲ್ಲ, ಕವಾಟ ಇಲ್ಲ; ಕೊಳವೆಯೊಳಗಿನ ನೀರು ಕುದಿದು ಹೊರಕ್ಕೆ ಚಿಮ್ಮುತ್ತದೆ, ಉಗಿ ತಣಿದಾಗ ಮತ್ತೆ ಒಳಕ್ಕೆ ಸೆಳೆಯಲ್ಪಡುತ್ತದೆ. ರೈಲು ಎಂಜಿನ್ ಅದರ ದೊಡ್ಡಣ್ಣ ಎಂದುಕೊಂಡರೆ ಮಕ್ಕಳಿಗೆ ವಿಷಯ ಹತ್ತಿರವಾಗುತ್ತದೆ.

ಮಾದರಿ ಕಟ್ಟುವವನಿಗೆ ಮೊದಲ ಪ್ರಶ್ನೆ, ಯಾವ ಎಂಜಿನ್? ಈ ವಿಷಯದಲ್ಲಿ ಸೊಲ್ಲಾಪುರ ಜಿಲ್ಲೆಯಷ್ಟು ಭಾಗ್ಯವಂತ ಜಿಲ್ಲೆಗಳು ಹೆಚ್ಚಿಲ್ಲ. ಹಳಿಗಳ ನಡುವಣ ಅಂತರ 1676 ಮಿಲಿಮೀಟರ್ ಇರುವ ಬ್ರಾಡ್‌ಗೇಜ್ ಸೊಲ್ಲಾಪುರದಲ್ಲಿ. 1880ರ ದಶಕದಲ್ಲಿ ವಿಜಯಪುರದ ಮಾರ್ಗವಾಗಿ ಗದಗಕ್ಕೆ ಹೊರಟ 1000 ಮಿಲಿಮೀಟರಿನ ಮೀಟರ್‌ಗೇಜ್ ಹೋಟಗಿಯಲ್ಲಿ. 762 ಮಿಲಿಮೀಟರಿನ ನ್ಯಾರೋಗೇಜ್ ಕುರ್ಡುವಾಡಿಯಲ್ಲಿ. ಮೂರು ಅಳತೆಯ ಹಳಿಗಳೂ ಒಂದೇ ಜಿಲ್ಲೆಯಲ್ಲಿ ಓಡಿದವು. ಮಾದರಿಗಾರರ ಜಗತ್ತಿನಲ್ಲಿ 45 ಮಿಲಿಮೀಟರ್ ಅಂತರದ ಹಳಿ ಬಹುಕಾಲದಿಂದ ರೂಢಿಯಲ್ಲಿದೆ. ಆ ಒಂದೇ ಹಳಿಯ ಮೇಲೆ ಮೂರನ್ನೂ ನಿಲ್ಲಿಸಬಹುದು. ಪ್ರಮಾಣ ಮಾತ್ರ ಬದಲಾಗುತ್ತದೆ. 1676ನ್ನು 45ರಿಂದ ಭಾಗಿಸಿದರೆ ಸುಮಾರು 37, ಸಾವಿರವನ್ನು ಭಾಗಿಸಿದರೆ 22ಕ್ಕಿಂತ ತುಸು ಹೆಚ್ಚು, 762ನ್ನು ಭಾಗಿಸಿದರೆ ಸುಮಾರು 17. ಅಂದರೆ ನ್ಯಾರೋಗೇಜಿನ ಎಂಜಿನ್ ನಿಜರೂಪದ ಹದಿನೇಳನೆಯ ಒಂದರಷ್ಟಾಗಿ, ಮೂರರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಕೈಗೆ ಸಿಗುವಂತೆ ನಿಲ್ಲುತ್ತದೆ. ಏಳನೆಯ ಇಯತ್ತೆಯ ಹುಡುಗಿಯೂ ಮಾಡಬಲ್ಲ ಭಾಗಾಕಾರವಿದು. ಚಿಕ್ಕ ಹಳಿಯ ಎಂಜಿನ್ ಮಾದರಿಗಾರನಿಗೆ ದೊಡ್ಡದಾಗಿ ಸಿಗುತ್ತದೆ ಎಂಬ ಈ ತಲೆಕೆಳಗಿನ ಲೆಕ್ಕವೇ ಹವ್ಯಾಸಿಗಳು ನ್ಯಾರೋಗೇಜನ್ನು ಪ್ರೀತಿಸಲು ಒಂದು ಕಾರಣ.

ಹಾಗೆ ನೋಡಿದರೆ ಬಾರ್ಶಿ ಲೈಟ್ ರೈಲ್ವೆಯ ಎಂಜಿನ್ನಿಗಿಂತ ಹತ್ತಿರದ್ದು ಇನ್ನೊಂದಿಲ್ಲ. ಆಗ ಬಾರ್ಶಿ ರೋಡ್ ಎಂದು ಕರೆಯಲ್ಪಡುತ್ತಿದ್ದ ಕುರ್ಡುವಾಡಿಯಿಂದ ಬಾರ್ಶಿ ಪಟ್ಟಣಕ್ಕೆ 1897ರಲ್ಲಿ ಈ ಮಾರ್ಗ ತೆರೆಯಿತು. 1906ರಲ್ಲಿ ಪಂಢರಪುರಕ್ಕೂ 1911ರಲ್ಲಿ ಲಾತೂರಿಗೂ 1927ರಲ್ಲಿ ಮಿರಜಕ್ಕೂ ಮುಟ್ಟಿತು. ಆಷಾಢ, ಕಾರ್ತಿಕ ಏಕಾದಶಿಗಳಂದು ವಿಠ್ಠಲನ ದರ್ಶನಕ್ಕೆ ಹೊರಟ ಲೆಕ್ಕವಿಲ್ಲದಷ್ಟು ಜನರನ್ನು ಹೊತ್ತದ್ದು ಇದೇ ರೈಲು. ಇದರ ಹಿಂದಿದ್ದವನು ಎವರಾರ್ಡ್ ಕ್ಯಾಲ್ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್. ಅವನ ಹಟ ಒಂದೇ ಆಗಿತ್ತು: ಎಂಜಿನ್ ಇರಲಿ, ಡಬ್ಬಿ ಇರಲಿ, ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳಕೂಡದು. ಭಾರವನ್ನು ಸಮನಾಗಿ ಹಂಚಿದರೆ ಗಜಕ್ಕೆ 30 ಪೌಂಡಿನ ಹಗುರ ಹಳಿಯೇ ಸಾಕು, ಹಳಿ ಹಗುರವಾದರೆ ಖರ್ಚೂ ಹಗುರ ಎಂಬುದು ಅವನ ವಾದ. ಅದಕ್ಕಾಗಿ ಲೀಡ್ಸ್ ನಗರದ ಕಿಟ್ಸನ್ ಕಾರಖಾನೆ ಎಂಟು ಚಾಲಕ ಗಾಲಿ, ಹಿಂದೆ ನಾಲ್ಕು ಚಿಕ್ಕ ಗಾಲಿಗಳ, ನೀರಿನ ತೊಟ್ಟಿಯನ್ನು ಮೈಮೇಲೆಯೇ ಹೊತ್ತ ಎಂಜಿನ್‌ಗಳನ್ನು ಕಟ್ಟಿತು.

ಇದೇ ಕ್ಯಾಲ್ಥ್ರಾಪ್ ಮುಂದೆ ಇಂಗ್ಲೆಂಡಿನಲ್ಲಿ ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯ ಚಿಕ್ಕ ರೈಲಿಗೆ 1904ರಲ್ಲಿ ಎಂಜಿನ್ ಬೇಕಾದಾಗ ಬಾರ್ಶಿಯ ಅನುಭವವನ್ನೇ ಅಲ್ಲಿಗೆ ಒಯ್ದನು. ಹಸಿರು ಕಣಿವೆಯ ಆ ಎಂಜಿನ್‌ಗಳ ನೆತ್ತಿಯ ಮೇಲೆ ದಖ್ಖನಿನ ರಾತ್ರಿಗೆ ಒಪ್ಪುವಂಥ ದೊಡ್ಡ ದೀಪಗಳಿದ್ದವು. ಆ ಮಾರ್ಗ ಮೂವತ್ತು ವರ್ಷ ಓಡಿ 1934ರಲ್ಲಿ ಮುಚ್ಚಿತು. ಆದರೂ ಅಲ್ಲಿಯ ಹವ್ಯಾಸಿಗಳು ಇಂದಿಗೂ ಅದರ ಮಾದರಿಗಳನ್ನು ಕಟ್ಟುತ್ತಾರೆ. 1954ರಲ್ಲಿ ಸರಕಾರದ ವಶಕ್ಕೆ ಬಂದು, ಹೊಸ ಶತಮಾನದ ಮೊದಲ ಹತ್ತು ಹನ್ನೊಂದು ವರ್ಷಗಳಲ್ಲಿ ಹಂತಹಂತವಾಗಿ ಬ್ರಾಡ್‌ಗೇಜಾದ ಬಾರ್ಶಿ ಲೈಟು ಮಾತ್ರ ತನ್ನ ಊರಲ್ಲೇ ಮಕ್ಕಳಿಗೆ ಅಪರಿಚಿತ. ಉಗಿ ಎಂಜಿನ್‌ಗಳಂತೂ ಅದಕ್ಕೂ ಮುಂಚೆಯೇ ಡೀಸೆಲ್ಲಿಗೆ ಜಾಗ ಬಿಟ್ಟಿದ್ದವು. ತಂಗಿಯ ಮದುವೆ ಪರದೇಶದಲ್ಲಿ ನಡೆದು ಅಕ್ಕನ ಹೆಸರು ತವರಿನಲ್ಲೇ ಅಳಿಸಿಹೋದಂತಾಗಿದೆ ಈ ಕಥೆ.

ಮನೆಯಲ್ಲಿ ಕಟ್ಟಿದ ಎಂಜಿನ್ ಎಂದರೆ ಬರೀ ಆಟವೆಂದು ತಳ್ಳಿಹಾಕುವವರಿಗೆ ಫಿಲಡೆಲ್ಫಿಯಾದ ಒಂದು ಪ್ರಸಂಗವನ್ನು ಹೇಳಬಹುದು. ಮಥಾಯಸ್ ಬಾಲ್ಡ್‌ವಿನ್ ಎಂಬುವನು ಮೂಲತಃ ಆಭರಣದ ಕೆಲಸ ಕಲಿತವನು, ಇಲ್ಲಿಯ ಮಾತಿನಲ್ಲಿ ಪತ್ತಾರ. 1831ರಲ್ಲಿ ಊರಿನ ವಸ್ತುಸಂಗ್ರಹಾಲಯವೊಂದಕ್ಕಾಗಿ ನಾಲ್ಕು ಜನರನ್ನು ಎಳೆಯಬಲ್ಲ ಪುಟ್ಟ ಉಗಿ ಎಂಜಿನ್ ಮಾಡಿಕೊಟ್ಟನು. ಅದನ್ನು ಕಂಡವರು ನಿಜವಾದ ಎಂಜಿನ್ ಕೇಳಿದರು. ಮುಂದೆ ಅವನ ಕಾರಖಾನೆ ಅಮೆರಿಕದ ಅತಿದೊಡ್ಡ ಎಂಜಿನ್ ಕಾರಖಾನೆಗಳಲ್ಲಿ ಒಂದಾಯಿತು. ಗುಂಡು ಮೂತಿಯ ಡಬ್ಲ್ಯುಪಿ ಎಂಜಿನ್‌ಗಳ ಮೊದಲ ತಂಡ 1947ರಲ್ಲಿ ಭಾರತಕ್ಕೆ ಬಂದದ್ದು ಅಲ್ಲಿಂದಲೇ. ಇಂಗ್ಲೆಂಡಿನಲ್ಲಿ 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ, ರೈಲ್ವೆಯಲ್ಲಿ ದುಡಿದಿದ್ದ ಒಬ್ಬಾತ ಎಲ್‌ಬಿಎಸ್‌ಸಿ ಎಂಬ ಗುಪ್ತನಾಮದಿಂದ ದಶಕಗಳ ಕಾಲ ಬರೆದನು. ಚಿಕ್ಕ ಎಂಜಿನ್ನಿಗೆ ಕಲ್ಲಿದ್ದಲು ಒಗ್ಗದು, ಅದು ಮನುಷ್ಯನನ್ನು ಎಳೆಯದು ಎಂದು 1920ರ ದಶಕದಲ್ಲಿ ಪಂಡಿತರು ವಾದಿಸುತ್ತಿದ್ದಾಗ, ಎರಡೂವರೆ ಅಂಗುಲದ ಹಳಿಯ ಮೇಲಿನ ತನ್ನ ಎಂಜಿನ್ನಿನಿಂದ ದೊಡ್ಡವರನ್ನೇ ಎಳೆಸಿ ತೋರಿಸಿದ್ದು ಅವನ ಉತ್ತರ. ಮಹಾರಾಷ್ಟ್ರದಲ್ಲಿಯೂ ಉದಾಹರಣೆಗಳಿವೆ. ನಾಗಪುರದ ಇಕ್ಬಾಲ್ ಅಹ್ಮದ್ ಬೆರಳ ತುದಿಯಷ್ಟು ಚಿಕ್ಕ ಉಗಿ ಯಂತ್ರ ಮಾಡಿ ದಾಖಲೆಗೆ ಸೇರಿದವರು. ಪುಣೆಯ ಜೋಶಿ ಕಿರು ರೈಲ್ವೆ ಸಂಗ್ರಹಾಲಯವನ್ನು ಶಾಲೆಯ ಪ್ರವಾಸದಲ್ಲಿ ಮಕ್ಕಳು ನೋಡಬಹುದು, ಅಲ್ಲಿಯ ರೈಲುಗಳು ಮಾತ್ರ ವಿದ್ಯುತ್ತಿನವು.

ಈಗ ಕಟ್ಟುವ ಮಾತು. ಮೊದಲ ಸಲ ಕಟ್ಟುವವರು ಎಡವುವುದು ಒಂದೇ ಕಡೆ: ದೊಡ್ಡ ಎಂಜಿನ್ನಿನ ನಕ್ಷೆ ತಂದು ಎಲ್ಲವನ್ನೂ ಹದಿನೇಳರಿಂದ ಭಾಗಿಸಿದರೆ ಆಯಿತು ಎಂದುಕೊಳ್ಳುವುದು. ಉದ್ದ 17 ಪಾಲು ಕುಗ್ಗಿದಾಗ ವಿಸ್ತೀರ್ಣ 289 ಪಾಲು ಕುಗ್ಗುತ್ತದೆ, ಘನಫಲ 4913 ಪಾಲು. 30 ಟನ್ನಿನ ಎಂಜಿನ್ ಸುಮಾರು 6 ಕಿಲೋ ಆಗುತ್ತದೆ, ಇದು ಸಂತೋಷದ ಸಂಗತಿ. ಆದರೆ ಬಾಯ್ಲರಿನ ನೀರು ಕುಗ್ಗಿದಷ್ಟು ಅದರ ಮೈ ಕುಗ್ಗುವುದಿಲ್ಲ. ಆದ್ದರಿಂದ ಹಂಡೆಯ ನೀರಿಗಿಂತ ಬಟ್ಟಲಿನ ಚಹ ಬೇಗ ಆರುವಂತೆ, ಪುಟ್ಟ ಬಾಯ್ಲರು ಕಾಯಿಸಿದ್ದನ್ನೆಲ್ಲ ಗಾಳಿಗೆ ಚೆಲ್ಲುತ್ತದೆ. ದೊಡ್ಡ ಬಾಯ್ಲರಿನಲ್ಲಿ ಬೆಂಕಿಯ ಬಿಸಿಗಾಳಿ ಹಾಯುವ ಹತ್ತಾರು ಕೊಳವೆಗಳಿರುತ್ತವೆ. 45 ಮಿಲಿಮೀಟರಿನ ಕೊಳವೆಯನ್ನು ಹದಿನೇಳರಿಂದ ಭಾಗಿಸಿದರೆ ಎರಡೂವರೆ ಮಿಲಿಮೀಟರಿನ ತೂತು, ಅದು ಮಸಿಯಿಂದ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮಾದರಿಗಾರನು ಹತ್ತಾರರ ಬದಲು ಒಂದೇ ದಪ್ಪ ಕೊಳವೆಯನ್ನು ಬಾಯ್ಲರಿನ ನಡುವೆ ಹಾಯಿಸುತ್ತಾನೆ. ಹೊರಗಿನಿಂದ ಬಾರ್ಶಿಯ ಎಂಜಿನ್, ಒಳಗಿನಿಂದ ಬೇರೆಯೇ ಯಂತ್ರ. ಇದು ಮೋಸವಲ್ಲ, ನಿಸರ್ಗವನ್ನು ಅಳತೆಪಟ್ಟಿಯಿಂದ ಕುಗ್ಗಿಸಲು ಬಾರದೆಂಬುದರ ಅರಿವು.

ಸಿಲಿಂಡರಿನ ವಿಷಯದಲ್ಲಿ ಹೊಸಬರಿಗೆ ತೂಗಾಡುವ ಸಿಲಿಂಡರೇ ಲೇಸು. ಇದರಲ್ಲಿ ಪ್ರತ್ಯೇಕ ಕವಾಟವಿಲ್ಲ. ಪಿಸ್ಟನ್ನಿನ ದಂಡ ನೇರವಾಗಿ ಗಾಲಿಯ ಕ್ರ್ಯಾಂಕಿಗೆ ಜೋಡಿಸಿರುವುದರಿಂದ ಗಾಲಿ ತಿರುಗಿದಂತೆ ಇಡೀ ಸಿಲಿಂಡರ್ ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತದೆ. ಅದರ ಮುಖದಲ್ಲಿ ಒಂದು ತೂತು, ಅದು ಒರಗಿಕೊಂಡ ತಗಡಿನಲ್ಲಿ ಎರಡು. ಒಂದು ಕಡೆ ತೂಗಿದಾಗ ಉಗಿ ಒಳಬರುವ ತೂತಿಗೆ ಎದುರಾಗುತ್ತದೆ, ಇನ್ನೊಂದು ಕಡೆ ತೂಗಿದಾಗ ಹೊರಹೋಗುವ ತೂತಿಗೆ. ಮಗ್ಗದ ಕ್ರ್ಯಾಂಕ್‌ಶಾಫ್ಟು ತಿರುಗುವ ಚಲನೆಯಿಂದ ಫಣಿಯನ್ನು ಹಿಂದೆ ಮುಂದೆ ಆಡಿಸುವುದನ್ನು ದಿನವೂ ನೋಡುವವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಅಲ್ಲಿ ತಿರುಗುವುದು ಆಡಿಸುತ್ತದೆ, ಇಲ್ಲಿ ಆಡುವುದು ತಿರುಗಿಸುತ್ತದೆ. 10 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡ ಬಿದ್ದರೆ ಅದು ಸುಮಾರು 2.4 ಕಿಲೋ ಬಲದಿಂದ ತಳ್ಳುತ್ತದೆ. ಎರಡು ಬದಿಯ ಕ್ರ್ಯಾಂಕುಗಳು ಒಂದಕ್ಕೊಂದು ಕಾಲು ಸುತ್ತು ಹಿಂದೆ ಮುಂದೆ ಇರಬೇಕು, ಇಲ್ಲವಾದರೆ ಎರಡೂ ಪಿಸ್ಟನ್ನುಗಳು ಒಟ್ಟಿಗೆ ತುದಿ ಮುಟ್ಟಿದ ಗಳಿಗೆಯಲ್ಲಿ ಎಂಜಿನ್ ನಿಂತುಬಿಡುತ್ತದೆ. ಲೇತ್ ಅಂಗಡಿಯಲ್ಲಿ ಇದಕ್ಕಾಗಿ ಒಂದು ಸಣ್ಣ ಜಿಗ್ ಮಾಡಿಕೊಂಡರೆ ಆರೂ ಎಂಟೂ ಗಾಲಿಗಳು ತಕರಾರಿಲ್ಲದೆ ಕೂಡುತ್ತವೆ.

ಹೀಗೆ ಕಟ್ಟಿದ, ಅಥವಾ ಪರದೇಶದಿಂದ ಯಾರೋ ಸಂಬಂಧಿಕರು ತಂದುಕೊಟ್ಟ ಆಟಿಕೆ ಎಂಜಿನ್ ಮೊದಲ ದಿನ ಮಾಡುವುದು ಬಹುತೇಕ ಒಂದೇ: ಹುಚ್ಚು ಹಿಡಿದಂತೆ ಓಡಿ, ತಿರುವಿನಲ್ಲಿ ಹಳಿ ತಪ್ಪಿ, ಬಿಸಿನೀರು ಉಗುಳುತ್ತ ಮಗ್ಗುಲಾಗುತ್ತದೆ. ಇಂಗ್ಲೆಂಡಿನ ಮಾಮೋಡ್ ಕಂಪನಿ 1980ರ ಸುಮಾರಿಗೆ ಹೊರತಂದ ತೂಗಾಡುವ ಸಿಲಿಂಡರಿನ ಎಂಜಿನ್ನನ್ನು ಸುಧಾರಿಸುವುದೇ ಅಲ್ಲಿ ಒಂದು ಪ್ರತ್ಯೇಕ ಹವ್ಯಾಸವಾಗಿ ಬೆಳೆಯಿತು. ಸುಧಾರಣೆಗಳಲ್ಲಿ ಮೊದಲನೆಯದು ಉಗಿಯ ದಾರಿಯಲ್ಲಿ ತಿರುಪಿನ ಕವಾಟ, ಅದರಿಂದ ವೇಗ ಹತೋಟಿಗೆ ಬರುತ್ತದೆ. ಎರಡನೆಯದು ಎಣ್ಣೆಯ ಬಟ್ಟಲು. ಬೆರಳುಗುರಿನಷ್ಟು ಗಾತ್ರದ ಈ ಬಟ್ಟಲಿನ ಜಾಣತನ ಮೆಚ್ಚುವಂಥದು. ಉಗಿಕೊಳವೆಯಿಂದ ಅರ್ಧ ಮಿಲಿಮೀಟರಿನ ತೂತಿನ ಮೂಲಕ ತುಸುವೇ ಉಗಿ ಬಟ್ಟಲಿಗೆ ಬಂದು, ತಣಿದು ನೀರಾಗಿ ತಳಕ್ಕೆ ಇಳಿಯುತ್ತದೆ. ಇಳಿದಷ್ಟೇ ಎಣ್ಣೆ ಮೇಲಕ್ಕೆ ಎದ್ದು ಅದೇ ತೂತಿನಿಂದ ಉಗಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ಪಂಪಿಲ್ಲ, ಚಲಿಸುವ ಭಾಗವೇ ಇಲ್ಲ. ಮಗ್ಗಕ್ಕೆ ಹಾಕುವ ತೆಳು ಸ್ಪಿಂಡಲ್ ಎಣ್ಣೆ ಇಲ್ಲಿ ನಿಲ್ಲದು, ಉಗಿಗೆಂದೇ ಇರುವ ದಪ್ಪ ಎಣ್ಣೆ ಬೇಕು. ಮೂರನೆಯದು, ಕೆಲಸ ಮುಗಿಸಿದ ಉಗಿಯನ್ನು ಹೊರಗೆ ಚೆಲ್ಲದೆ ಹೊಗೆಗೊಳವೆಯೊಳಕ್ಕೆ ಬಿಡುವುದು. ಅದು ಮೇಲೇರುವಾಗ ಬೆಂಕಿಯ ಗಾಳಿಯನ್ನೂ ಸೆಳೆದೊಯ್ಯುತ್ತದೆ. ರೈಲಿನ ಛುಕ್ ಛುಕ್ ಎಂಬ ಸದ್ದು ಹುಟ್ಟುವುದು ಇಲ್ಲಿಯೇ. ಕೊನೆಯದಾಗಿ, ಉಗಿಕೊಳವೆಗಳಿಗೆ ಹತ್ತಿಯ ದಾರ ಬಿಗಿಯಾಗಿ ಸುತ್ತಿದರೆ ಶಾಖ ಉಳಿಯುತ್ತದೆ. ಮಗ್ಗದ ಕೆಳಗೆ ಗುಡಿಸಿ ಎಸೆಯುವ ನೂಲಿಗೆ ಇದಕ್ಕಿಂತ ಒಳ್ಳೆಯ ಗತಿ ಇನ್ನೇನಿದೆ?

ಇನ್ನು ಬಾಯ್ಲರ್. ಉಳಿದೆಲ್ಲ ತಪ್ಪುಗಳಿಗೆ ಎಂಜಿನ್ ಓಡದೆ ನಿಂತು ಶಿಕ್ಷೆ ಕೊಡುತ್ತದೆ, ಬಾಯ್ಲರಿನ ತಪ್ಪಿಗೆ ಹಾಗಲ್ಲ. ಬಣ್ಣದ ಘಟಕದ ಬಾಯ್ಲರನ್ನು ಸರಕಾರದ ನಿರೀಕ್ಷಕರು ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಉರಿಸಬೇಕು. 1923ರಲ್ಲಿ ಬಂದ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಆದರೆ 25 ಲೀಟರಿಗಿಂತ ಕಡಿಮೆ ಹಿಡಿಸುವ ಪಾತ್ರೆ ಕಾಯ್ದೆಯ ಪಾಲಿಗೆ ಬಾಯ್ಲರೇ ಅಲ್ಲ. ಮನೆಯ ಎಂಜಿನ್ನಿನಲ್ಲಿ ಇರುವುದು ಕಾಲು ಲೀಟರ್ ನೀರು. ಅಂದರೆ ಅದನ್ನು ನೋಡಲು ಯಾರೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಹವ್ಯಾಸಿ ಸಂಘಗಳು ತಮ್ಮಲ್ಲಿಯ ಅನುಭವಿಗಳನ್ನೇ ಪರೀಕ್ಷಕರನ್ನಾಗಿ ನೇಮಿಸಿಕೊಂಡು, ಲಿಖಿತ ಪತ್ರವಿಲ್ಲದೆ ಯಾವ ಎಂಜಿನ್ನೂ ಹಳಿಗೆ ಇಳಿಯದಂತೆ ನಿಯಮ ಮಾಡಿಕೊಂಡಿವೆ. ಇಲ್ಲಿ ಆ ಹೊಣೆ ಕಟ್ಟುವವನ ತಲೆಯ ಮೇಲೆಯೇ ಇದೆ. ಪಕ್ಕದಲ್ಲಿ ನಿಂತು ನೋಡುತ್ತಿರುವುದು ಅವನದೇ ಮಗು ಎಂಬುದನ್ನು ಮರೆಯಬಾರದು.

ಕಾಲು ಲೀಟರಿನಿಂದ ಏನಾದೀತು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಚದರ ಸೆಂಟಿಮೀಟರಿಗೆ 3 ಕಿಲೋ ಒತ್ತಡದಲ್ಲಿ, ಅಂದರೆ ಅಡುಗೆಮನೆಯ ಕುಕ್ಕರಿನ ಮೂರು ಪಟ್ಟು ಒತ್ತಡದಲ್ಲಿ, ನೀರು ಸುಮಾರು 143 ಡಿಗ್ರಿ ಬಿಸಿ ಇದ್ದರೂ ನೀರಾಗಿಯೇ ಇರುತ್ತದೆ. ಬಾಯ್ಲರ್ ಸೀಳಿದ ಕ್ಷಣಕ್ಕೆ ಒತ್ತಡ ಇಲ್ಲವಾಗಿ, ಅದರಲ್ಲಿ ಸುಮಾರು 20 ಗ್ರಾಂ ನೀರು ಕಣ್ಣು ಮಿಟುಕಿಸುವುದರೊಳಗೆ ಉಗಿಯಾಗುತ್ತದೆ. ಆ 20 ಗ್ರಾಮಿಗೆ 30 ಲೀಟರಿಗಿಂತ ಹೆಚ್ಚು ಜಾಗ ಬೇಕು, ಎರಡು ದೊಡ್ಡ ಕೊಡಗಳಷ್ಟು. ಉಳಿದ ನೀರು ಕುದಿಯುತ್ತಲೇ ಸಿಡಿಯುತ್ತದೆ, ಎಂಜಿನ್ನಿನ ಮೇಲೆ ಬಾಗಿ ನೋಡುತ್ತಿರುವವರ ಮುಖದ ಮೇಲೆ.

ಆದರೆ ಸರಿಯಾಗಿ ಕಟ್ಟಿದ ತಾಮ್ರದ ಬಾಯ್ಲರ್ ಅಂಜಬೇಕಾದ ವಸ್ತುವಲ್ಲ ಎಂಬುದನ್ನೂ ಅದೇ ಲೆಕ್ಕ ಹೇಳುತ್ತದೆ. 50 ಮಿಲಿಮೀಟರ್ ವ್ಯಾಸ, ಒಂದೂವರೆ ಮಿಲಿಮೀಟರ್ ದಪ್ಪದ ತಾಮ್ರದ ಕೊಳವೆಯಲ್ಲಿ ಈ ಒತ್ತಡಕ್ಕೆ ಲೋಹದ ಮೇಲೆ ಬೀಳುವ ಎಳೆತ ಚದರ ಸೆಂಟಿಮೀಟರಿಗೆ 50 ಕಿಲೋ. ಕಾಯಿಸಿ ಮೆದುವಾದ ತಾಮ್ರವೂ ಹರಿಯಲು ಸುಮಾರು 2000 ಕಿಲೋ ಬೇಕು. ನಲವತ್ತು ಪಟ್ಟು ಅಂತರವಿದೆ. ದುರ್ಬಲವಾದದ್ದು ಕೊಳವೆಯಲ್ಲ, ಎರಡು ತುದಿಯ ಮುಚ್ಚಳ. ಸಪಾಟಾದ ಆ ಬಿಲ್ಲೆಯ ಮೇಲೆ ಒಳಗಿನಿಂದ ಬೀಳುವ ಒತ್ತು ಸುಮಾರು 59 ಕಿಲೋ, ಒಬ್ಬ ದೊಡ್ಡ ಮನುಷ್ಯ ನಿಂತಷ್ಟು. ಅದಕ್ಕಾಗಿ ಮುಚ್ಚಳದ ಅಂಚನ್ನು ಡಬ್ಬಿಯ ಮುಚ್ಚಳದಂತೆ ಮಡಿಚಿ ಕೂಡಿಸಬೇಕು, ಎರಡೂ ಮುಚ್ಚಳಗಳನ್ನು ಹಿಡಿದಿಡುವ ಒಂದು ಸರಳನ್ನು ಉದ್ದಕ್ಕೂ ಹಾಯಿಸಬೇಕು. ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ತನ್ನ ತಂದೆ ಆ ಸರಳನ್ನು ಏಕೆ ಹಾಕುತ್ತಿದ್ದಾರೆಂದು ಆಗ ಹೊಳೆಯುತ್ತದೆ. ತಂದೆಗೂ, ‘ಪ್ರೆಶರ್’ ಎಂದು ತಾನು ನಿತ್ಯ ಅನ್ನುವುದಕ್ಕೆ ಮಗುವಿನ ಪುಸ್ತಕದಲ್ಲಿ ಕನ್ನಡದ ಹೆಸರಿದೆಯೆಂದು ತಿಳಿಯುತ್ತದೆ.

ಕೂಡಿಸುವ ಬೆಸುಗೆಯ ವಿಷಯದಲ್ಲಿ ರಾಜಿ ಇಲ್ಲ. ರೇಡಿಯೋ ರಿಪೇರಿಯ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗಲು ಶುರುವಾಗುತ್ತದೆ. ಬಾಯ್ಲರಿನ ನೀರು ಕೆಳಗಿಳಿದು ಬೆಂಕಿ ತಾಗಿದರೆ ಅದು ಅಲ್ಲಿಯೇ ಹರಿದುಹೋಗುತ್ತದೆ. ಬೇಕಾದದ್ದು 600 ಡಿಗ್ರಿಗಿಂತ ಮೇಲೆ ಕರಗುವ ಬೆಳ್ಳಿ ಬೆಸುಗೆ. ಪತ್ತಾರರು ಬಿಳಿಗಾರ ಹಾಕಿ ಮಾಡುವ ಕೆಲಸದ ದೊಡ್ಡ ರೂಪ ಇದು. ಫ್ರಿಜ್, ಎಸಿ ರಿಪೇರಿಯವರ ಕೈಗೂ ಪರಿಚಿತ. ಆದರೆ ಕ್ಯಾಡ್ಮಿಯಂ ಬೆರೆತ ಬೆಸುಗೆಯ ಹೊಗೆ ವಿಷ, ಅದು ಬೆರೆತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಳ್ಳಬೇಕು. ಬಾಯ್ಲರಿಗೆ ತಿರುಪು ಕೂಡುವ ಕಡೆಗಳಲ್ಲಿ ಹಿತ್ತಾಳೆ ಬೇಡ, ಬಿಸಿನೀರಿನಲ್ಲಿ ಅದರೊಳಗಿನ ಸತುವು ಕಾಲಕ್ರಮದಲ್ಲಿ ಕರಗಿ ಲೋಹ ಟೊಳ್ಳಾಗುತ್ತದೆ. ಗನ್‌ಮೆಟಲ್ ಬೇಕು, ಮಗ್ಗದ ಬುಷ್ಷಿಗೆ ತಂದ ತುಂಡು ಡಬ್ಬಿಯಲ್ಲಿ ಇದ್ದೇ ಇದೆ. ತಗಡಿನ ಡಬ್ಬಿ, ಹಳೆಯ ಕುಕ್ಕರು, ಸ್ಪ್ರೇ ಬಾಟಲಿ, ಸೈಕಲ್ ಪಂಪಿನ ಕೊಳವೆ ಇವುಗಳಿಂದ ಬಾಯ್ಲರ್ ಮಾಡುವ ಉಪಾಯಗಳನ್ನು ಮೊಬೈಲಿನಲ್ಲಿ ಮಕ್ಕಳು ನೋಡಿರುತ್ತಾರೆ. ಅವುಗಳಲ್ಲಿ ಒಂದನ್ನೂ ಮಾಡಬಾರದು.

ಬೆಂಕಿಗಿಂತ ಮೊದಲು ತಣ್ಣೀರಿನ ಪರೀಕ್ಷೆ. ಬಾಯ್ಲರಿನಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟು, ಅಂದರೆ 6 ಕಿಲೋ ಒತ್ತಡ ಏರಿಸಿ, ನಿಲ್ಲಿಸಿ ನೋಡಬೇಕು. ನೀರು ಗಾಳಿಯಂತೆ ಹಿಗ್ಗಿ ಕುಗ್ಗುವುದಿಲ್ಲ. ಆದ್ದರಿಂದ ಬೆಸುಗೆ ಬಿಟ್ಟರೂ ಒಂದು ಹನಿ ಒಸರುವುದೇ ಹೊರತು ಸಿಡಿಯುವುದಿಲ್ಲ. ಕಂಪ್ರೆಸರಿನ ಗಾಳಿಯಿಂದ ಪರೀಕ್ಷಿಸುವುದು ವರ್ಕ್‌ಶಾಪಿನಲ್ಲಿ ಸುಲಭವೆನಿಸಿದರೂ ಅದು ಬಾಂಬು ಕಟ್ಟಿದಂತೆ. ಮುಳ್ಳು ಅಲುಗದೆ, ಮುಚ್ಚಳ ಉಬ್ಬದೆ ನಿಂತರೆ ಬಾಯ್ಲರ್ ಪಾಸು. ಆಮೇಲೆ ಬಯಲಲ್ಲಿ ಬೆಂಕಿ ಹಚ್ಚಿ, ಉಗಿಯ ಕವಾಟ ಪೂರ್ತಿ ಮುಚ್ಚಿ, ಸೇಫ್ಟಿ ವಾಲ್ವೊಂದೇ ಇಡೀ ಉಗಿಯನ್ನು ಬಿಡಬಲ್ಲದೇ ಎಂದು ನೋಡಬೇಕು. ಅದು ತೆರೆದುಕೊಂಡ ಮೇಲೂ ಒತ್ತಡ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿದರೆ ವಾಲ್ವು ಚಿಕ್ಕದು ಎಂದರ್ಥ. ಸ್ಪ್ರಿಂಗು ಬಿಗಿ ಮಾಡಿ ಇನ್ನಷ್ಟು ಶಕ್ತಿ ಪಡೆಯುವ ಆಸೆಗೆ ಬಲಿಯಾದವರು ದೊಡ್ಡ ರೈಲಿನ ಇತಿಹಾಸದಲ್ಲಿಯೂ ಉಂಟು. ಪರೀಕ್ಷೆಯ ದಿನಾಂಕ, ಒತ್ತಡ, ಕಂಡದ್ದು ಇವನ್ನು ಒಂದು ವಹಿಯಲ್ಲಿ ಬರೆದು ಇಡುವ ಕೆಲಸವನ್ನು ಮಗುವಿಗೆ ಕೊಡಬಹುದು. ವರ್ಷಕ್ಕೊಮ್ಮೆ ಒಂದೂವರೆ ಪಟ್ಟು ಒತ್ತಡದಲ್ಲಿ ಮರುಪರೀಕ್ಷೆ ಮಾಡಿ ಅದರ ಕೆಳಗೇ ಬರೆಯಬೇಕು. ಇದೇ ರಸ್ತೆಯಲ್ಲಿ ಪರವಾನಗಿಯುಳ್ಳ ಬಾಯ್ಲರ್ ಅಟೆಂಡೆಂಟರು ಇದ್ದಾರೆ. ಅವರಲ್ಲೊಬ್ಬರನ್ನು ಭಾನುವಾರ ಚಹಕ್ಕೆ ಕರೆದು ವಹಿಯನ್ನೂ ಬಾಯ್ಲರನ್ನೂ ತೋರಿಸಿದರೆ, ಇಲ್ಲದ ಆ ಕಣ್ಣು ಸಿಕ್ಕಂತಾಯಿತು.

ಓಡಿಸುವ ದಿನದ ಕಟ್ಟಳೆಗಳು ಕಡಿಮೆ. ಸ್ಪಿರಿಟಿನ ಜ್ವಾಲೆ ಬಿಸಿಲಲ್ಲಿ ಕಾಣುವುದಿಲ್ಲ, ಆದ್ದರಿಂದ ಸಂಜೆಯೇ ಮೇಲು. ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯುವಂತಿಲ್ಲ. ಪಕ್ಕದಲ್ಲಿ ನೀರಿನ ಬಕೆಟ್ಟು ಮತ್ತು ಒದ್ದೆ ಟವೆಲ್ ಇರಲಿ. ಟವೆಲ್ಲಿಗೆ ಈ ಊರಲ್ಲಿ ಬರವಿಲ್ಲ. ಮಕ್ಕಳು ಬದಿಯಿಂದ ನೋಡಬೇಕು, ಮುಂದೆ ಹಿಂದೆ ನಿಲ್ಲಬಾರದು. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟವನ್ನು ಕೂಗಿ ಹೇಳುವುದು ಅವರ ಕೆಲಸ. ಒಮ್ಮೆ ತುಂಬಿದ ನೀರಿಗೆ ಇಪ್ಪತ್ತು ಮೂವತ್ತು ನಿಮಿಷಗಳ ಓಟ. ಅದಾದ ಮೇಲೆ ಬಾಯ್ಲರ್ ತಣಿದು, ಒತ್ತಡದ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಯಾವ ತಿರುಪನ್ನಾದರೂ ಮುಟ್ಟಬೇಕು. ಎಣ್ಣೆಯ ಬಟ್ಟಲನ್ನು ತೆರೆದಾಗ ಎಣ್ಣೆಯ ಬದಲು ನೀರು ಕಂಡರೆ ಅದು ಸರಿಯಾಗಿ ದುಡಿದಿದೆ.

ಇನ್ನು ನೀರು ಯಾವುದು ಎಂಬುದು ಉಳಿಯಿತು. ಇಲ್ಲಿಯ ಬೋರಿನ ನೀರು ಗಡುಸು. ಸ್ನಾನದ ಹೀಟರಿನ ಸುರುಳಿಗೆ ಬಿಳಿ ಪದರ ಕಟ್ಟುವುದನ್ನು ಕಂಡವರಿಗೆ ಅದು ಬಾಯ್ಲರಿನೊಳಗೆ ಏನು ಮಾಡೀತೆಂದು ಹೇಳಬೇಕಾಗಿಲ್ಲ. ಮಳೆಯ ನೀರು ಒಳ್ಳೆಯದು. ಮಾಳಿಗೆ ಒಮ್ಮೆ ತೊಳೆದುಹೋದ ಮೇಲೆ ಬಿದ್ದ ಮಳೆಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ಐದಾರು ಬಾಟಲಿ ತುಂಬಿಟ್ಟರೆ, ದೀಪಾವಳಿ ರಜೆಯ ಇಪ್ಪತ್ತು ಓಟಗಳಿಗೆ ಸಾಕು.